ಕಣ್ಣಿಗೆ ಬಿದ್ದ ಕಸ, ಕಣ್ಣಿಗೆ ಬಂದ ಲೆನ್ಸ್: ಡಾ. ಹೆರಾಲ್ಡ್ ರಿಡ್ಲಿ ಅವರ ಬದುಕು

ಹೈದರಾಬಾದಿನ ಯಾವುದೇ ದೊಡ್ಡ ಕಣ್ಣಿನ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಬೆಳಗ್ಗೆ ಸ್ವಲ್ಪ ಹೊತ್ತು ಕುಳಿತರೆ ಕನ್ನಡ ಕಿವಿಗೆ ಬೀಳುತ್ತದೆ. ಬೀದರ್, ಕಲಬುರಗಿ, ರಾಯಚೂರು, ಯಾದಗಿರಿ ಕಡೆಯಿಂದ ರಾತ್ರಿ ಬಸ್ಸು ಅಥವಾ ರೈಲು ಹತ್ತಿ ಬಂದವರು ಅಲ್ಲಿರುತ್ತಾರೆ. ಅವರಲ್ಲಿ ಎಲ್ಲರೂ ಕಣ್ಣಿನ ಪೊರೆಗಾಗಿ ಬಂದವರಲ್ಲ. ಕಣ್ಣಿಗೆ ಏನೋ ಬಿದ್ದಿದೆ, ಏನೆಂದು ಗೊತ್ತಿಲ್ಲ, ಕನ್ನಡಿಯಲ್ಲಿ ನೋಡಿದರೆ ಕಾಣುವುದಿಲ್ಲ, ಆದರೂ ಚುಚ್ಚುತ್ತಿದೆ ಎಂದು ಬಂದವರೂ ಇರುತ್ತಾರೆ. ಕೆಲವರು ಕಣ್ಣಿನಿಂದ ದಾರದಂಥ ಎಳೆ ಬರುತ್ತದೆ ಎನ್ನುತ್ತಾರೆ. ಹತ್ತಿಯ ಎಳೆಯೋ, ಕೂದಲೋ, ಹುಳುವೋ ಎಂಬ ಭಯ ಅವರಿಗೆ.

ಕಣ್ಣಿಗೆ ಹೊರಗಿನ ವಸ್ತು ಸೇರಿದರೆ ಏನಾಗುತ್ತದೆ? ಎಲ್ಲ ವಸ್ತುಗಳೂ ಒಂದೇ ರೀತಿಯ ಹಾನಿ ಮಾಡುತ್ತವೆಯೇ? ಈ ಪ್ರಶ್ನೆಯನ್ನು ಒಬ್ಬ ವೈದ್ಯರು ವರ್ಷಗಟ್ಟಲೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಅವರಿಗೆ ಸಿಕ್ಕ ಉತ್ತರದಿಂದಲೇ ಇಂದು ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನೊಳಗೆ ಲೆನ್ಸ್ ಕೂರಿಸುತ್ತಾರೆ. ಅವರ ಹೆಸರು ಡಾ. ಹೆರಾಲ್ಡ್ ರಿಡ್ಲಿ. ಅವರ ಬದುಕನ್ನು ತಿಳಿದರೆ ನಿಮ್ಮ ಕಣ್ಣಿಗೆ ಕಸ ಬಿದ್ದಾಗ ಏನು ಮಾಡಬೇಕು, ಏನು ಮಾಡಬಾರದು ಎಂಬುದೂ ಅರ್ಥವಾಗುತ್ತದೆ.

ಕಣ್ಣಿನ ವೈದ್ಯರ ಮಗ

ನಿಕೋಲಸ್ ಹೆರಾಲ್ಡ್ ಲಾಯ್ಡ್ ರಿಡ್ಲಿ ಹುಟ್ಟಿದ್ದು 1906ರ ಜುಲೈ 10ರಂದು, ಇಂಗ್ಲೆಂಡಿನ ಲೆಸ್ಟರ್‌ಶೈರ್ ಪ್ರಾಂತ್ಯದ ಕಿಬ್‌ವರ್ತ್ ಹಾರ್ಕೋರ್ಟ್ ಎಂಬ ಹಳ್ಳಿಯಲ್ಲಿ. ತಂದೆಯೂ ಕಣ್ಣಿನ ಶಸ್ತ್ರವೈದ್ಯರು. ರಿಡ್ಲಿಗೆ ಮಾತಿನಲ್ಲಿ ತೊದಲು ಇತ್ತು. ಅದು ಓದಿಗೆ ಅಡ್ಡ ಬರಲಿಲ್ಲ. ಕೇಂಬ್ರಿಜ್‌ನ ಪೆಂಬ್ರೋಕ್ ಕಾಲೇಜಿನಲ್ಲಿಯೂ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿಯೂ ಕಲಿತು 1930ರಲ್ಲಿ ವೈದ್ಯರಾದರು. 1938ರಲ್ಲಿ ಲಂಡನ್ನಿನ ಪ್ರಸಿದ್ಧ ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾಗಿ ನೇಮಕಗೊಂಡರು.

ಆ ಕಾಲದ ಕಣ್ಣಿನ ವೈದ್ಯರಿಗೆ ಒಂದು ನಿಯಮ ಬೇರೂರಿತ್ತು: ಕಣ್ಣಿನೊಳಗೆ ಹೊರಗಿನ ವಸ್ತು ಇದ್ದರೆ ಅದನ್ನು ತೆಗೆಯಬೇಕು. ಈ ನಿಯಮಕ್ಕೆ ಕಾರಣವಿತ್ತು. ಕಬ್ಬಿಣದ ಚೂರು ಕಣ್ಣಿನೊಳಗೆ ಉಳಿದರೆ ನಿಧಾನವಾಗಿ ತುಕ್ಕು ಬಿಡುತ್ತದೆ. ಆ ಕಬ್ಬಿಣದ ಅಂಶ ಹರಡಿ ಕಣ್ಣಿನ ಹಿಂಭಾಗದ ನರಪದರವಾದ ರೆಟಿನಾವನ್ನು ಹಾಳು ಮಾಡುತ್ತದೆ. ತಾಮ್ರದ ಚೂರಿನಿಂದ ತೀವ್ರ ಉರಿಯೂತ ಬರಬಹುದು. ಮರದ ಸಿಬಿರು, ಮುಳ್ಳು, ಹುಲ್ಲಿನ ಚೂರು ತಮ್ಮ ಜೊತೆಗೆ ರೋಗಾಣುಗಳನ್ನೂ ತರುತ್ತವೆ. ಹೀಗಿರುವಾಗ, ಹೊರಗಿನ ವಸ್ತುವನ್ನು ಬೇಕೆಂದೇ ಕಣ್ಣಿನೊಳಗೆ ಇಡಬಹುದು ಎಂದು ಯಾರಾದರೂ ಹೇಳಿದ್ದರೆ ಜನ ನಗುತ್ತಿದ್ದರು.

1940ರ ಆಗಸ್ಟ್: ಒಬ್ಬ ಪೈಲಟ್‌ನ ಕಣ್ಣು

ಎರಡನೆಯ ಮಹಾಯುದ್ಧ ಶುರುವಾಯಿತು. 1940ರ ಆಗಸ್ಟ್ ತಿಂಗಳಲ್ಲಿ ಬ್ರಿಟಿಷ್ ವಾಯುಪಡೆಯ 601ನೇ ಸ್ಕ್ವಾಡ್ರನ್ನಿನ ಪೈಲಟ್ ಗಾರ್ಡನ್ ಕ್ಲೀವರ್ ಹರಿಕೇನ್ ಯುದ್ಧವಿಮಾನದಲ್ಲಿ ಹಾರುತ್ತಿದ್ದರು. ಅಂದು ಅವರು ಕಣ್ಣಿಗೆ ಗಾಗಲ್ಸ್ ಹಾಕಿರಲಿಲ್ಲ. ಶತ್ರುವಿನ ಗುಂಡು ವಿಮಾನದ ಮುಚ್ಚಳಕ್ಕೆ ಬಡಿಯಿತು. ಆ ಮುಚ್ಚಳ ಗಾಜಿನದಲ್ಲ, ಪರ್ಸ್‌ಪೆಕ್ಸ್ ಎಂಬ ಪಾರದರ್ಶಕ ಪ್ಲಾಸ್ಟಿಕ್‌ನದು. ಅದು ಒಡೆದು ಅದರ ಚೂರುಗಳು ಎರಡೂ ಕಣ್ಣುಗಳಿಗೆ ಹೊಕ್ಕವು. ಏನೂ ಕಾಣದ ಸ್ಥಿತಿಯಲ್ಲೇ ಕ್ಲೀವರ್ ಪ್ಯಾರಾಶೂಟ್ ಬಿಚ್ಚಿ ಇಳಿದು ಜೀವ ಉಳಿಸಿಕೊಂಡರು.

ಮುಂದೆ ಅವರ ಮುಖ ಮತ್ತು ಕಣ್ಣುಗಳಿಗೆ 18 ಶಸ್ತ್ರಚಿಕಿತ್ಸೆಗಳಾದವು. ಒಂದು ಕಣ್ಣಿನ ದೃಷ್ಟಿ ಹೋಯಿತು, ಇನ್ನೊಂದರಲ್ಲಿ ಸ್ವಲ್ಪ ಉಳಿಯಿತು. ಚಿಕಿತ್ಸೆ ನೀಡಿದ ವೈದ್ಯರಲ್ಲಿ ರಿಡ್ಲಿಯೂ ಒಬ್ಬರು.

ರಿಡ್ಲಿ ಗಮನಿಸಿದ್ದು ಇದನ್ನು: ಕಣ್ಣಿನೊಳಗೆ ಕೆಲವು ಪ್ಲಾಸ್ಟಿಕ್ ಚೂರುಗಳು ಹಾಗೇ ಉಳಿದಿದ್ದವು. ನಿಯಮದ ಪ್ರಕಾರ ಕಣ್ಣು ಕೆಂಪಾಗಿ, ಊದಿ, ಕೀವು ತುಂಬಬೇಕಿತ್ತು. ಆದರೆ ಚೂರು ಕದಲದೆ ಕೂತ ಕಡೆ ಕಣ್ಣು ಶಾಂತವಾಗಿತ್ತು. ಅವರು ಒಂದು ಸಲ ನೋಡಿ ತೀರ್ಮಾನಕ್ಕೆ ಬರಲಿಲ್ಲ. ಇಂಥ ಗಾಯಗಳಾದ ಪೈಲಟ್‌ಗಳ ಕಣ್ಣುಗಳನ್ನು ವರ್ಷಗಳ ಕಾಲ ಮತ್ತೆ ಮತ್ತೆ ಪರೀಕ್ಷಿಸಿದರು. ಕಣ್ಣಿಗೆ ಹೊರಗಿನದೆಂಬುದೇ ಶತ್ರುವಲ್ಲ. ಆ ವಸ್ತು ಯಾವುದರಿಂದ ಮಾಡಿದ್ದು, ಎಷ್ಟು ಶುದ್ಧ, ಎಲ್ಲಿ ಕೂತಿದೆ, ಕದಲುತ್ತಿದೆಯೇ ಎಂಬುದೇ ಹಾನಿಯನ್ನು ನಿರ್ಧರಿಸುತ್ತದೆ ಎಂದು ಅವರಿಗೆ ಮನವರಿಕೆಯಾಯಿತು.

ರೋಗಿಗಳಿಗೆ ಇದರಿಂದ ತಿಳಿಯಬೇಕಾದ ಮೊದಲ ಪಾಠವಿದೆ. ಕಣ್ಣಿಗೆ ಏನು ಬಿತ್ತು ಎಂಬುದನ್ನು ವೈದ್ಯರಿಗೆ ಸರಿಯಾಗಿ ಹೇಳಿ. ಹೈದರಾಬಾದಿನ ಬಾಲಾನಗರ, ಜೀಡಿಮೆಟ್ಲದಂಥ ಕೈಗಾರಿಕಾ ಪ್ರದೇಶಗಳಲ್ಲಿ ಗ್ರೈಂಡಿಂಗ್ ಮಾಡುವವರ ಕಣ್ಣಿಗೆ ಬೀಳುವುದು ಬಿಸಿ ಕಬ್ಬಿಣದ ಪುಡಿ. ಅದು ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ ಮೇಲೆ ಕೂತು, ಸುತ್ತ ತುಕ್ಕಿನ ಉಂಗುರ ಬಿಡುತ್ತದೆ. ಸುತ್ತಿಗೆಯಿಂದ ಉಳಿಗೆ ಹೊಡೆಯುವಾಗ ಹಾರಿದ ಚೂರು ಇನ್ನೂ ಅಪಾಯಕಾರಿ. ಅದು ವೇಗವಾಗಿ ಕಣ್ಣನ್ನು ತೂರಿ ಒಳಗೆ ಹೋಗಿರಬಹುದು; ನೋವು ಮಾತ್ರ ಅಷ್ಟೇನೂ ಇಲ್ಲದಿರಬಹುದು. ನೋವಿಲ್ಲವೆಂದು ಮನೆಯಲ್ಲಿ ಉಳಿಯಬೇಡಿ. ವೈದ್ಯರಿಗೆ ಅನುಮಾನ ಬಂದರೆ ಎಕ್ಸ್‌ರೇ ಅಥವಾ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಕಣ್ಣಿನಲ್ಲಿ ಕಬ್ಬಿಣ ಇರಬಹುದೆಂಬ ಸಂಶಯವಿದ್ದರೆ ಎಂಆರ್‌ಐ ಮಾಡಬಾರದು, ಏಕೆಂದರೆ ಅದರ ಅಯಸ್ಕಾಂತ ಶಕ್ತಿಗೆ ಚೂರು ಕದಲಬಹುದು. ಬೇರೆ ಯಾವುದೇ ಕಾರಣಕ್ಕೆ ಎಂಆರ್‌ಐಗೆ ಹೋದಾಗಲೂ ಹಳೆಯ ಗಾಯದ ವಿಷಯ ಹೇಳುವುದನ್ನು ಮರೆಯಬೇಡಿ.

ಆಫ್ರಿಕಾದಲ್ಲಿ ಕಂಡ ಜೀವಂತ ಎಳೆಗಳು

ಯುದ್ಧದ ನಡುವೆ ರಿಡ್ಲಿ ಸೇನೆಯ ವೈದ್ಯಕೀಯ ವಿಭಾಗ ಸೇರಿದರು. ಅವರನ್ನು ಕಳಿಸಿದ್ದು ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟ್‌ಗೆ, ಅಂದರೆ ಇಂದಿನ ಘಾನಾ ದೇಶಕ್ಕೆ. ಅಲ್ಲಿ ನದಿಗಳ ಬಳಿಯ ಹಳ್ಳಿಗಳಲ್ಲಿ ಬಹಳ ಜನ ಕುರುಡರಾಗಿದ್ದರು. ಹರಿಯುವ ನೀರಿನಲ್ಲಿ ಬೆಳೆಯುವ ಒಂದು ಬಗೆಯ ಕಪ್ಪು ನೊಣ ಕಚ್ಚಿದಾಗ ಒಂದು ಹುಳು ದೇಹ ಸೇರುತ್ತದೆ. ಅದರ ಮರಿಗಳು ಬರಿಗಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಂತಿದ್ದು, ಚರ್ಮದ ಮೂಲಕ ಕಣ್ಣಿಗೂ ಬರುತ್ತವೆ. ಈ ರೋಗದ ಹೆಸರು ಆಂಕೋಸರ್ಕಿಯಾಸಿಸ್. ಸಾಮಾನ್ಯ ಮಾತಿನಲ್ಲಿ ನದಿ ಕುರುಡು. ರಿಡ್ಲಿ ಹಳ್ಳಿಯಲ್ಲೇ ಉಪಕರಣ ಇಟ್ಟುಕೊಂಡು ಜನರ ಕಣ್ಣು ಪರೀಕ್ಷಿಸಿ, 1945ರಲ್ಲಿ ವಿವರವಾದ ವರದಿ ಪ್ರಕಟಿಸಿದರು. ನಂತರ ರಂಗೂನ್‌ನಲ್ಲಿ, ಯುದ್ಧಕೈದಿಗಳಾಗಿದ್ದು ಸರಿಯಾದ ಆಹಾರವಿಲ್ಲದೆ ದೃಷ್ಟಿ ಕುಂದಿದ್ದ ಸೈನಿಕರಿಗೂ ಚಿಕಿತ್ಸೆ ನೀಡಿದರು.

ನಮ್ಮ ದೇಶದಲ್ಲಿ ನದಿ ಕುರುಡು ರೋಗದ ಭಯ ಬೇಡ. ಆದರೆ ಕಣ್ಣಿನಲ್ಲಿ ಎಳೆ ಕಂಡಾಗ ಅದು ಏನೆಂದು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಹೇಳಬೇಕು ಎಂಬ ರಿಡ್ಲಿಯ ಕ್ರಮ ನಮಗೂ ಅನ್ವಯಿಸುತ್ತದೆ. ಎಳೆ ಎಂದು ರೋಗಿಗಳು ಹೇಳುವುದು ಹಲವು ಬಗೆಯದಾಗಿರುತ್ತದೆ:

ಮೊದಲನೆಯದು ಗೀಜಿನ ಎಳೆ. ಅಲರ್ಜಿ ಅಥವಾ ಕಣ್ಣಿನ ಒಣತನ ಇದ್ದಾಗ ಗೀಜು ದಾರದಂತೆ ಕೂಡಿಕೊಳ್ಳುತ್ತದೆ. ಅದನ್ನು ಬೆರಳಿನಿಂದಲೋ ಬಟ್ಟೆಯಿಂದಲೋ ಎಳೆದು ತೆಗೆದರೆ ಕಣ್ಣಿಗೆ ಗಾಯವಾಗುತ್ತದೆ, ಗಾಯಕ್ಕೆ ಕಣ್ಣು ಇನ್ನಷ್ಟು ಗೀಜು ಮಾಡುತ್ತದೆ. ತೆಗೆದಷ್ಟೂ ಬರುತ್ತದೆ. ಎಷ್ಟೋ ಸಲ, ತೆಗೆಯುವುದನ್ನು ನಿಲ್ಲಿಸಿ ಮೂಲ ಕಾಯಿಲೆಗೆ ಔಷಧ ಹಾಕಿದ ಮೇಲೆ ಎಳೆಯೂ ನಿಲ್ಲುತ್ತದೆ.

ಎರಡನೆಯದು ಕಾರ್ನಿಯಾಕ್ಕೇ ಅಂಟಿಕೊಂಡ ಎಳೆ. ಕಣ್ಣು ತುಂಬ ಒಣಗಿದವರಲ್ಲಿ ಇದು ಆಗುತ್ತದೆ. ಇದರ ಒಂದು ತುದಿ ಕಣ್ಣಿನ ಮೇಲ್ಪದರಕ್ಕೆ ಸೇರಿಕೊಂಡಿರುತ್ತದೆ. ಎಳೆದರೆ ಆ ಪದರವೇ ಕಿತ್ತು ಬರುತ್ತದೆ, ತೀವ್ರ ನೋವಾಗುತ್ತದೆ.

ಮೂರನೆಯದು ನಿಜವಾದ ಹೊರಗಿನ ಎಳೆ. ಹತ್ತಿ ಜಿನ್ನಿಂಗ್ ಮಿಲ್ಲಿನ ಎಳೆ, ಕಂಬಳಿಯ ನೂಲು, ಕಣ್ಣಿನ ಮೇಕಪ್ಪಿನ ಚೂರು ಇತ್ಯಾದಿ. ಮಕ್ಕಳಲ್ಲಿ ಗೊಂಬೆ ಅಥವಾ ಹೊದಿಕೆಯ ಕೃತಕ ನೂಲು ಕೆಳರೆಪ್ಪೆಯ ಒಳಗೆ ಸಿಕ್ಕಿ, ಅದರ ಸುತ್ತ ಸಣ್ಣ ಗಂಟು ಬೆಳೆಯುವುದೂ ಉಂಟು.

ನಾಲ್ಕನೆಯದು ಒಳಮುಖವಾಗಿ ಬೆಳೆದ ರೆಪ್ಪೆಗೂದಲು. ಪ್ರತಿ ಸಲ ಕಣ್ಣು ಮಿಟುಕಿಸಿದಾಗಲೂ ಅದು ಕಾರ್ನಿಯಾವನ್ನು ಉಜ್ಜುತ್ತದೆ. ಕಸ ಬಿದ್ದಿದೆ ಎಂದು ತಿಂಗಳುಗಟ್ಟಲೆ ಅಂದುಕೊಂಡವರಲ್ಲಿ ಕೊನೆಗೆ ಸಿಗುವುದು ಇದೇ ಆಗಿರಬಹುದು.

ಐದನೆಯದು ಕಂಬಳಿಹುಳುವಿನ ಕೂದಲು. ಇದು ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಅದರ ಸಣ್ಣ ಮುಳ್ಳುಗಳಿಂದಾಗಿ ಕೂದಲು ಮುಂದಕ್ಕೆ ಸರಿಯುತ್ತಾ ಕಣ್ಣಿನ ಒಳಪದರಗಳಿಗೂ ಹೋಗಬಲ್ಲದು. ಉಜ್ಜಿದರೆ ಇನ್ನೂ ಒಳಗೆ ಹೋಗುತ್ತದೆ.

ಕೆಲವರಿಗೆ ದಾರ ಕಾಣುವುದು ಕಣ್ಣಿನ ಮೇಲಲ್ಲ, ನೋಟದಲ್ಲಿ. ಬಿಳಿ ಗೋಡೆ ನೋಡಿದಾಗ ತೇಲುವ ಎಳೆಗಳು ಕಾಣುತ್ತವೆ. ಅದು ಕಣ್ಣಿನೊಳಗಿನ ಜೆಲ್ಲಿಯ ಬದಲಾವಣೆ, ಕಸವಲ್ಲ. ಆದರೆ ಇಂಥ ಎಳೆಗಳು ಒಮ್ಮೆಲೇ ಹೆಚ್ಚಾದರೆ, ಮಿಂಚು ಹೊಡೆದಂತೆ ಬೆಳಕು ಕಂಡರೆ, ಪರದೆ ಬಿದ್ದಂತಾದರೆ ಅಂದೇ ರೆಟಿನಾ ಪರೀಕ್ಷೆ ಮಾಡಿಸಬೇಕು. ಬಲು ಅಪರೂಪಕ್ಕೆ, ಕರಾವಳಿ ಕರ್ನಾಟಕ ಮತ್ತು ಕೇರಳದಲ್ಲಿ, ಕಣ್ಣಿನ ಬಿಳಿಭಾಗದ ಪದರದಡಿ ಜೀವಂತ ಹುಳು ಸಿಕ್ಕಿರುವುದೂ ಇದೆ. ಎಳೆ ತಾನಾಗಿ ಚಲಿಸುತ್ತಿದೆ ಎನಿಸಿದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಒಬ್ಬ ವಿದ್ಯಾರ್ಥಿಯ ಪ್ರಶ್ನೆ

ಯುದ್ಧ ಮುಗಿದ ಮೇಲೆ ರಿಡ್ಲಿ ಲಂಡನ್ನಿಗೆ ಮರಳಿದರು. ಆ ದಿನಗಳಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಎಂದರೆ ಮಸುಕಾದ ಲೆನ್ಸನ್ನು ತೆಗೆದುಹಾಕುವುದು, ಅಷ್ಟೇ. ಅದರ ಜಾಗದಲ್ಲಿ ಏನೂ ಇಡುತ್ತಿರಲಿಲ್ಲ. ಒಮ್ಮೆ ಇಂಥ ಶಸ್ತ್ರಚಿಕಿತ್ಸೆ ನೋಡುತ್ತಿದ್ದ ಒಬ್ಬ ವೈದ್ಯಕೀಯ ವಿದ್ಯಾರ್ಥಿ, ತೆಗೆದ ಲೆನ್ಸಿನ ಬದಲಿಗೆ ಹೊಸದನ್ನು ಇಡದಿರುವುದು ಅನ್ಯಾಯವಲ್ಲವೇ ಎಂಬ ಅರ್ಥದಲ್ಲಿ ಕೇಳಿದ. ರಿಡ್ಲಿಯ ಮನಸ್ಸಿನಲ್ಲಿ ಪೈಲಟ್‌ಗಳ ಕಣ್ಣಿನಲ್ಲಿ ಶಾಂತವಾಗಿ ಕೂತಿದ್ದ ಪ್ಲಾಸ್ಟಿಕ್ ಚೂರುಗಳ ನೆನಪು ಇದ್ದೇ ಇತ್ತು.

ಅವರು ರೇನರ್ ಎಂಬ ಕನ್ನಡಕ ಮತ್ತು ಲೆನ್ಸ್ ಕಂಪನಿಯ ಜಾನ್ ಪೈಕ್ ಜೊತೆ ಮಾತಾಡಿದರು. ವೈದ್ಯಕೀಯ ಬಳಕೆಗೆಂದು ಹೆಚ್ಚು ಶುದ್ಧವಾದ ಪರ್ಸ್‌ಪೆಕ್ಸ್ ಸಿದ್ಧವಾಯಿತು. 1949ರ ನವೆಂಬರ್ 29ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ, ಒಬ್ಬ ಮಹಿಳೆಯ ಕಣ್ಣಿನೊಳಗೆ ರಿಡ್ಲಿ ಕೃತಕ ಲೆನ್ಸ್ ಇಟ್ಟರು. 1950ರ ಫೆಬ್ರವರಿಯಲ್ಲಿ ಎರಡನೇ ಹಂತದ ಶಸ್ತ್ರಚಿಕಿತ್ಸೆಯಾಗಿ ಲೆನ್ಸ್ ಖಾಯಂ ಆಗಿ ಉಳಿಯಿತು. ಲೆನ್ಸಿನ ಶಕ್ತಿಯ ಲೆಕ್ಕ ತಪ್ಪಿತ್ತು. ರೋಗಿಗೆ ದೂರದ ವಸ್ತು ಮಸುಕಾಗಿ ಕಾಣುವ ಭಾರೀ ದೋಷ ಬಂತು. ಆದರೆ ಕಣ್ಣು ಆ ವಸ್ತುವನ್ನು ಸಹಿಸಿಕೊಂಡಿತು. ಶಕ್ತಿಯ ಲೆಕ್ಕ ಮುಂದಿನ ಲೆನ್ಸ್‌ಗಳಲ್ಲಿ ಸರಿಹೋಯಿತು.

ವಿರೋಧ, ತಪ್ಪುಗಳು, ತಾಳ್ಮೆ

ರಿಡ್ಲಿ ಈ ಕೆಲಸವನ್ನು ಮೊದಲು ಗುಟ್ಟಾಗಿಯೇ ಇಟ್ಟಿದ್ದರು. 1951ರಲ್ಲಿ ಆಕ್ಸ್‌ಫರ್ಡ್‌ನ ಕಣ್ಣಿನ ವೈದ್ಯರ ಸಮ್ಮೇಳನಕ್ಕೆ ತಮ್ಮ ರೋಗಿಗಳನ್ನೇ ಕರೆತಂದು ತೋರಿಸಿದರು. ಆ ಕಾಲದ ಅತಿ ಪ್ರಭಾವಿ ಕಣ್ಣಿನ ವೈದ್ಯ ಸರ್ ಸ್ಟೂವರ್ಟ್ ಡ್ಯೂಕ್-ಎಲ್ಡರ್ ಆ ರೋಗಿಗಳನ್ನು ನೋಡಲೂ ಒಪ್ಪಲಿಲ್ಲ. ಜೀವನವಿಡೀ ಕಣ್ಣಿನಿಂದ ಹೊರಗಿನ ವಸ್ತು ತೆಗೆಯುವುದನ್ನೇ ಕಲಿತವರಿಗೆ, ಒಬ್ಬ ಸಹೋದ್ಯೋಗಿ ಬೇಕೆಂದೇ ಅದನ್ನು ಒಳಗಿಡುವುದು ಅಪರಾಧದಂತೆ ಕಂಡಿತು.

ವಿರೋಧಿಗಳ ಮಾತಿನಲ್ಲಿ ಪೂರ್ತಿ ಹುರುಳಿಲ್ಲ ಎನ್ನುವಂತಿಲ್ಲ. ರಿಡ್ಲಿಯ ಮೊದಲ ಲೆನ್ಸ್ ಭಾರವಾಗಿತ್ತು. ಕೆಲವರಲ್ಲಿ ಅದು ಜಾರಿತು, ಕೆಲವರಿಗೆ ಕಣ್ಣಿನ ಒತ್ತಡ ಏರಿತು, ಕೆಲವರ ಲೆನ್ಸನ್ನು ತೆಗೆಯಬೇಕಾಯಿತು. ಲೆನ್ಸ್ ಶುದ್ಧಮಾಡಲು ಬಳಸಿದ ರಾಸಾಯನಿಕದ ಶೇಷವೂ ಕಣ್ಣು ಕೆರಳಲು ಒಂದು ಕಾರಣ ಎಂಬ ಅಭಿಪ್ರಾಯ ಬಂತು. ಕಣ್ಣು ಸಹಿಸದೇ ಇದ್ದದ್ದು ಪ್ಲಾಸ್ಟಿಕ್ಕನ್ನಲ್ಲ, ಅದರ ಮೇಲೆ ಉಳಿದಿದ್ದನ್ನು ಮತ್ತು ಅದರ ಚಲನೆಯನ್ನು. ಪೈಲಟ್‌ಗಳ ಕಣ್ಣು ಹೇಳಿದ್ದ ಪಾಠವೇ ಇಲ್ಲಿ ಮತ್ತೆ ಎದುರಾಯಿತು. ರಿಡ್ಲಿ ಛಲ ಬಿಡಲಿಲ್ಲ. 1966ರಲ್ಲಿ ಪೀಟರ್ ಚಾಯ್ಸ್ ಜೊತೆ ಸೇರಿ, ಇದೇ ಕೆಲಸದಲ್ಲಿ ತೊಡಗಿದ್ದ ಬೇರೆ ದೇಶಗಳ ವೈದ್ಯರನ್ನೂ ಕೂಡಿಸಿಕೊಂಡು ಒಂದು ಅಂತರರಾಷ್ಟ್ರೀಯ ಸಂಘ ಕಟ್ಟಿದರು. 1971ರಲ್ಲಿ ಆಸ್ಪತ್ರೆಯಿಂದ ನಿವೃತ್ತರಾದಾಗಲೂ ಅವರ ಕೆಲಸಕ್ಕೆ ತಕ್ಕ ಮನ್ನಣೆ ಸಿಕ್ಕಿರಲಿಲ್ಲ.

ಸೋಡಾ ಬುಡ್ಡಿ ಕನ್ನಡಕದಿಂದ ಲೆನ್ಸಿನವರೆಗೆ

ನಮ್ಮ ಕಡೆಯ ಹಿರಿಯರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಡಾ. ಎಂ. ಸಿ. ಮೋದಿ ಅವರು ಊರೂರು ತಿರುಗಿ ಶಿಬಿರ ನಡೆಸಿ, ಲಕ್ಷಾಂತರ ಬಡವರಿಗೆ ಪೊರೆಯ ಶಸ್ತ್ರಚಿಕಿತ್ಸೆ ಮಾಡಿ ಕಣ್ಣು ಕೊಟ್ಟರು. ಆ ಶಿಬಿರಗಳಿಂದ ಮರಳಿದ ಅಜ್ಜ ಅಜ್ಜಿಯರ ಮೂಗಿನ ಮೇಲೆ ಸೋಡಾ ಬುಡ್ಡಿಯಂಥ ದಪ್ಪ ಕನ್ನಡಕ ಇರುತ್ತಿತ್ತು. ಕನ್ನಡಕ ಒಡೆದರೆ ಮತ್ತೆ ಕತ್ತಲೆ. ಬದಿಯಿಂದ ಬರುವ ಗಾಡಿ ಕಾಣುತ್ತಿರಲಿಲ್ಲ, ಮೆಟ್ಟಿಲು ಅಂದಾಜಿಗೆ ಸಿಗುತ್ತಿರಲಿಲ್ಲ. ಆಗ ಬಡವರ ಕೈಗೆಟಕುವ ಬೆಲೆಗೆ ಕಣ್ಣಿನೊಳಗಿನ ಲೆನ್ಸ್ ಸಿಗುತ್ತಿರಲಿಲ್ಲ.

1981ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಕಣ್ಣಿನೊಳಗಿನ ಲೆನ್ಸಿಗೆ ಒಪ್ಪಿಗೆ ನೀಡಿತು. 1987ರಲ್ಲಿ ಹೈದರಾಬಾದಿನಲ್ಲಿ ಎಲ್. ವಿ. ಪ್ರಸಾದ್ ಕಣ್ಣಿನ ಸಂಸ್ಥೆ ಶುರುವಾಯಿತು. 1992ರಲ್ಲಿ ಮದುರೈನ ಅರವಿಂದ್ ಆಸ್ಪತ್ರೆಯವರು ಆರೋಲ್ಯಾಬ್ ಕಟ್ಟಿ ಕಡಿಮೆ ಬೆಲೆಯ ಲೆನ್ಸ್ ತಯಾರಿಸಲು ಆರಂಭಿಸಿದರು. ಇಂದು ಮೆಹದಿಪಟ್ಣಂನ ಸರೋಜಿನಿ ದೇವಿ ಸರ್ಕಾರಿ ಕಣ್ಣಿನ ಆಸ್ಪತ್ರೆಯಲ್ಲಾಗಲಿ, ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಾಗಲಿ, ಪೊರೆಯ ಶಸ್ತ್ರಚಿಕಿತ್ಸೆ ಎಂದರೆ ಲೆನ್ಸ್ ಸಹಿತ ಎಂಬುದು ಸಹಜ ಮಾತಾಗಿದೆ.

ಕೊನೆಗಾಲದಲ್ಲಿ ಮನ್ನಣೆ

1986ರಲ್ಲಿ ಬ್ರಿಟನ್ನಿನ ರಾಯಲ್ ಸೊಸೈಟಿ ರಿಡ್ಲಿಯನ್ನು ಸದಸ್ಯರನ್ನಾಗಿ ಆರಿಸಿತು. ಮುಪ್ಪಿನಲ್ಲಿ ಅವರಿಗೇ ಎರಡೂ ಕಣ್ಣುಗಳಲ್ಲಿ ಪೊರೆ ಬಂತು. ತಾವು ಮೊದಲ ಲೆನ್ಸ್ ಇಟ್ಟ ಸೇಂಟ್ ಥಾಮಸ್ ಆಸ್ಪತ್ರೆಯಲ್ಲೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ತಮ್ಮದೇ ಆವಿಷ್ಕಾರದ ಫಲವನ್ನು ಕಣ್ಣಿನೊಳಗೆ ಪಡೆದರು. 1987ರಲ್ಲಿ ಪೈಲಟ್ ಕ್ಲೀವರ್ ಅವರ ಉಳಿದ ಕಣ್ಣಿಗೂ ಇಂಥದೇ ಲೆನ್ಸ್ ಬಂದಿತ್ತು. 2000ದಲ್ಲಿ, 93ನೇ ವಯಸ್ಸಿನಲ್ಲಿ, ರಿಡ್ಲಿಗೆ ಸರ್ ಪದವಿ ಸಿಕ್ಕಿತು. 2001ರ ಮೇ 25ರಂದು ಅವರು ತೀರಿಕೊಂಡರು.

ನಿಮ್ಮ ಕಣ್ಣಿಗೆ ಏನಾದರೂ ಬಿದ್ದರೆ

ಉಜ್ಜಬೇಡಿ. ಕೈ ತೊಳೆದುಕೊಂಡು, ಶುದ್ಧ ನೀರಿನಿಂದ ಕಣ್ಣನ್ನು ನಿಧಾನವಾಗಿ ತೊಳೆಯಿರಿ. ಸಾಮಾನ್ಯ ಧೂಳು ಇದರಲ್ಲೇ ಹೋಗುತ್ತದೆ.

ಎಲೆ ಅಡಿಕೆಯ ಸುಣ್ಣ, ಆಸಿಡ್, ಫಿನಾಯಿಲ್‌ನಂಥವು ಬಿದ್ದರೆ ಆಸ್ಪತ್ರೆಗೆ ಹೊರಡುವ ಮೊದಲೇ ಕನಿಷ್ಠ 15ರಿಂದ 30 ನಿಮಿಷ ಧಾರಾಳ ನೀರಿನಿಂದ ತೊಳೆಯಿರಿ. ಸುಣ್ಣದ ಪ್ಯಾಕೆಟ್ ಒತ್ತಿ ಆಡುವಾಗ ಮಕ್ಕಳ ಕಣ್ಣಿಗೆ ಚಿಮ್ಮಿ ದೃಷ್ಟಿ ಹೋಗುವುದುಂಟು. ಅದನ್ನು ಮಕ್ಕಳ ಕೈಗೆ ಸಿಗದಂತೆ ಇಡಿ.

ಚೂರು ಕಣ್ಣಿಗೆ ಚುಚ್ಚಿಕೊಂಡಿದ್ದರೆ ಕೀಳಬೇಡಿ, ತೊಳೆಯಬೇಡಿ, ಒತ್ತಿ ಕಟ್ಟಬೇಡಿ. ಕಣ್ಣಿಗೆ ತಾಗದಂತೆ ಕಾಗದದ ಲೋಟವನ್ನು ಮುಚ್ಚಳದ ಹಾಗೆ ಹಿಡಿದು ಆಸ್ಪತ್ರೆಗೆ ಕರೆದೊಯ್ಯಿರಿ.

ನಾಲಿಗೆಯಿಂದ ಕಸ ತೆಗೆಸುವುದು, ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಹಾಕುವುದು ಬೇಡ. ಭತ್ತದ ಹೊಟ್ಟು, ತೊಗರಿ ಕಡ್ಡಿ, ಕಬ್ಬಿನ ಗರಿ ತಾಗಿದ ಕಣ್ಣಿಗೆ ಶಿಲೀಂಧ್ರದ ಹುಣ್ಣು ಆಗಬಹುದು. ಅಂಥ ಕಣ್ಣಿಗೆ ಅಂಗಡಿಯಿಂದ ತಂದ ಸ್ಟೀರಾಯ್ಡ್ ಹನಿ ಹಾಕಿದರೆ ಹುಣ್ಣು ಬೇಗ ಹರಡುತ್ತದೆ. ಮರಗಟ್ಟಿಸುವ ಹನಿಯನ್ನೂ ಮನೆಯಲ್ಲಿ ಬಳಸಬಾರದು.

ತೊಳೆದ ಮೇಲೂ ಚುಚ್ಚುತ್ತಿದ್ದರೆ, ಕಣ್ಣು ಕೆಂಪಾಗಿದ್ದರೆ, ಬೆಳಕು ಸಹಿಸಲಾಗದಿದ್ದರೆ, ನೋಟ ಮಂಜಾದರೆ ಅದೇ ದಿನ ನೇತ್ರತಜ್ಞರನ್ನು ಕಾಣಿ. ಅವರು ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಮೇಲಿನ ರೆಪ್ಪೆಯನ್ನು ಮಗುಚಿ ಹುಡುಕುತ್ತಾರೆ. ಕನ್ನಡಿಯಲ್ಲಿ ಕಾಣದ ಕಸ ಅಡಗಿರುವುದು ಬಹಳ ಸಲ ಅಲ್ಲೇ. ನೀವು ಕಣ್ಣಿನಿಂದ ತೆಗೆದ ಎಳೆ ಇದ್ದರೆ ಎಸೆಯಬೇಡಿ, ಶುಭ್ರವಾದ ಸಣ್ಣ ಡಬ್ಬಿಯಲ್ಲಿ ಹಾಕಿ ತನ್ನಿ. ಯಾವ ಕೆಲಸ ಮಾಡುವಾಗ, ಯಾವ ಹೊತ್ತಿಗೆ ಬಿತ್ತು ಎಂದು ತಿಳಿಸಿ. ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ನಿಮ್ಮ ತೊಂದರೆ ಸುಳ್ಳು ಎಂದಲ್ಲ. ಒಣತನ ಅಥವಾ ಅಲರ್ಜಿಯೂ ಕಸ ಬಿದ್ದಂತೆಯೇ ಚುಚ್ಚುತ್ತದೆ, ಅದಕ್ಕೂ ಚಿಕಿತ್ಸೆಯಿದೆ.

ರೋಗಿಯನ್ನು ನೋಡಿಕೊಳ್ಳುವವರು ನೆನಪಿಡಬೇಕಾದ್ದು ಇಷ್ಟು: ಗ್ರೈಂಡಿಂಗ್, ವೆಲ್ಡಿಂಗ್, ಒಕ್ಕಣೆ ಮಾಡುವವರಿಗೆ ಕಣ್ಣಿನ ಗಾಗಲ್ಸ್ ಕೊಡಿಸಿ, ಹಾಕಿಕೊಂಡೇ ಕೆಲಸ ಮಾಡುವಂತೆ ನೋಡಿಕೊಳ್ಳಿ. ಕ್ಲೀವರ್ ಅಂದು ಗಾಗಲ್ಸ್ ಹಾಕಿದ್ದರೆ ಅವರ ಕಣ್ಣು ಬಹುಶಃ ಉಳಿಯುತ್ತಿತ್ತು.